ಕೊಟ್ಟು ತಂದವರ ಲೆಕ್ಕ

ಅಕ್ಕನ ಮೈಮೇಲೆ ಮೊದಲು ಕಾಣಿಸಿದ್ದು ನೀಲಿ ಕಲೆಗಳು. ಎಲ್ಲಿಯೋ ತಗುಲಿಸಿಕೊಂಡಿರಬೇಕು ಎಂದು ಅವಳೂ ಅಂದುಕೊಂಡಳು, ನಾವೂ ಅಂದುಕೊಂಡೆವು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದು ನಿಲ್ಲದೆ ಹೋದ ದಿನ ಬಾವ ಅವಳನ್ನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕರೆತಂದರು. ಇಲ್ಲಿಂದ ನಮ್ಮನ್ನು ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ನಿಧಾನವಾಗಿ, ಮೇಜಿನ ಮೇಲೆ ಬೆರಳಿಟ್ಟು ಹೇಳಿದರು: ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸಿದೆ. ಔಷಧಿ ಕೊಟ್ಟು ನೋಡುತ್ತೇವೆ. ಅದು ಹಿಡಿಯದಿದ್ದರೆ ಬೇರೆಯವರ ಮಜ್ಜೆ ಹಾಕಬೇಕು.

ಔಷಧಿ ಹಿಡಿಯಲಿಲ್ಲ.

ಯಾರದೋ ಮಜ್ಜೆ ಆಗುವುದಿಲ್ಲ. ಪ್ರತಿಯೊಬ್ಬರ ಜೀವಕೋಶಗಳ ಮೇಲೂ ಕೆಲವು ಗುರುತುಗಳಿರುತ್ತವೆ. ಒಂದು ಕಟ್ಟು ತಾಯಿಯಿಂದ ಬರುತ್ತದೆ, ಇನ್ನೊಂದು ಕಟ್ಟು ತಂದೆಯಿಂದ. ಎರಡು ಕಟ್ಟೂ ಕೂಡುವ ಮನುಷ್ಯ ಸಿಕ್ಕಿದರೆ ಆಸೆ ಹೆಚ್ಚು. ಮೊದಲು ನೋಡುವುದು ಒಡಹುಟ್ಟಿದವರನ್ನು. ಅಕ್ಕನಿಗೆ ಇರುವುದು ನಾನೊಬ್ಬಳೇ. ನನ್ನದು ಅರ್ಧ ಮಾತ್ರ ಕೂಡಿತು. ದಾನಿಗಳಾಗಲು ಹೆಸರು ಕೊಟ್ಟ ಹೊರಗಿನವರಲ್ಲಿ ಹುಡುಕಿಸಿದರು. ಯಾರೂ ಸಿಗಲಿಲ್ಲ.

"ನಿಮ್ಮಲ್ಲಿ ಸಂಬಂಧದಲ್ಲೇ ಮದುವೆ ಮಾಡ್ಕೋತಾರಾ?" ಎಂದು ಡಾಕ್ಟರು ಕೇಳಿದರು.

ಅಮ್ಮ ತಲೆ ತಗ್ಗಿಸಿದಳು. ಆ ಪ್ರಶ್ನೆಯನ್ನು ಡಾಕ್ಟರುಗಳು ಅವಳಿಗೆ ಹಿಂದೆಯೂ ಕೇಳಿದ್ದರು. ಪ್ರತಿ ಸಲವೂ ಅದರ ಹಿಂದೆ ಒಂದು ಬೈಗುಳ ಬರುತ್ತಿತ್ತು.

"ಹೌದು ಸರ್. ಇವಳ ಗಂಡನೂ ಸೋದರತ್ತೆ ಮಗನೇ" ಎಂದಳು.

"ಹಾಗಾದ್ರೆ ಒಳ್ಳೇದಾಯ್ತು. ದೂರದವರನ್ನು ಬಿಡಿ, ಮನೆಯೋರನ್ನೆಲ್ಲ ನೋಡೋಣ. ಇಂಥ ಮನೆಗಳಲ್ಲಿ ಒಡಹುಟ್ಟಿದೋರ ಆಚೆಗೂ ಸಿಗೋದುಂಟು."

ಒಳ್ಳೆಯದಾಯಿತು ಎಂಬ ಮಾತು ಕೇಳಿ ಅಮ್ಮ ಅಳಲು ಶುರು ಮಾಡಿದಳು.

ನಮ್ಮದು ಎರಡು ಮನೆ. ಒಂದು ಶಿವಮೊಗ್ಗದ್ದು, ಒಂದು ಭದ್ರಾವತಿಯ ನ್ಯೂ ಟೌನಿನದು. ಅಪ್ಪನ ಅಪ್ಪ ಶಿವಮೊಗ್ಗದಲ್ಲಿ ಉಳಿದರು. ಅವರ ತಂಗಿಯನ್ನು ಮದುವೆಯಾದವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಆ ಸಂಸಾರ ಭದ್ರಾವತಿಗೆ ಹೋಯಿತು. ಅಣ್ಣ ಇಲ್ಲಿ, ತಂಗಿ ಅಲ್ಲಿ. ಸಂಬಂಧ ಹಳಸಬಾರದು ಎಂದು ಮುಂದಿನ ತಲೆಮಾರಿನಲ್ಲಿ ಹೆಣ್ಣು ಕೊಟ್ಟು ಹೆಣ್ಣು ತಂದರು. ಆ ತಂಗಿಯ ಮಗಳು, ಅಂದರೆ ನಮ್ಮಮ್ಮ, ಅಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಅಪ್ಪನ ತಂಗಿ, ಅಂದರೆ ನಮ್ಮತ್ತೆ, ಅಮ್ಮನ ಅಣ್ಣನನ್ನು ಮದುವೆಯಾಗಿ ಅಲ್ಲಿಗೆ ಹೋದರು. ಆ ಅತ್ತೆಯ ಒಬ್ಬನೇ ಮಗ ಬಾವ. ಅವರಿಗೆ ಅಕ್ಕನನ್ನು ಕೊಟ್ಟೆವು. ಅಪ್ಪನೂ ಮಾವನೂ ಈಗಿಲ್ಲ. ನಾನು ಮದುವೆಯಾಗಲಿಲ್ಲ. ಹಾಗಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಕೊನೆಯ ಹೆಣ್ಣು ಅಕ್ಕನೇ.

ನನ್ನ ಕೆಲಸವನ್ನೂ ಇಲ್ಲಿ ಹೇಳಬೇಕು. ನವುಲೆಯ ಕಡೆ ಬಾಡಿಗೆ ಮನೆಯಲ್ಲಿ ಅಮ್ಮನ ಜೊತೆ ಇದ್ದೇನೆ. ತುಂಗೆಯಲ್ಲೂ ಭದ್ರೆಯಲ್ಲೂ ಕಲ್ಲುಗಳ ಸಂದಿಯಲ್ಲಿ ಬದುಕುವ ಬೆರಳುದ್ದದ ಒಂದು ಮೀನಿನ ಮೇಲೆ ನನ್ನ ಸಂಶೋಧನೆ. ಎರಡು ಹೊಳೆಗಳ ಮೀನುಗಳೂ ಒಂದು ಕಾಲಕ್ಕೆ ಒಂದೇ ಗುಂಪು. ಬೇರೆಯಾದ ಮೇಲೆ ಅವುಗಳ ವಂಶವಾಹಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತಾ ಬರುತ್ತವೆ. ಆದರೆ ಕೂಡ್ಲಿಯಲ್ಲಿ ಹೊಳೆಗಳು ಸೇರುವುದರಿಂದ ಒಂದಿಷ್ಟು ಮೀನು ಅತ್ತ ಹೋಗುತ್ತವೆ, ಒಂದಿಷ್ಟು ಇತ್ತ ಬರುತ್ತವೆ. ಬಂದವು ಇಲ್ಲಿ ಮರಿ ಮಾಡಿದರೆ ಕೂಡಿದ ವ್ಯತ್ಯಾಸ ಮತ್ತೆ ಅಳಿಯುತ್ತದೆ. ಎರಡು ಗುಂಪು ಯಾವಾಗ ಬೇರೆಯಾದವು, ಆಮೇಲೆ ಎಷ್ಟು ಬಂದು ಹೋದವು ಎಂಬುದನ್ನು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಅಂದಾಜು ಮಾಡುವುದು ನನ್ನ ಕೆಲಸ. ಕಷ್ಟ ಇರುವುದು ಒಂದೇ ಕಡೆ. ಎರಡು ಗುಂಪು ಒಂದನ್ನೊಂದು ಹೋಲುತ್ತಿದ್ದರೆ ಅವು ಮೊನ್ನೆ ಮೊನ್ನೆ ಬೇರೆಯಾಗಿರಬಹುದು, ಅಥವಾ ಎಂದೋ ಬೇರೆಯಾಗಿ ಆಗಾಗ ಬಂದು ಹೋಗುತ್ತಿರಬಹುದು. ಹೋಲಿಕೆಯನ್ನು ಮಾತ್ರ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅಮ್ಮ ಹುರುಳಿಕಾಯಿ ಮುರಿಯುತ್ತಾ ಕೇಳಿದಳು.

"ಮೀನಿಗೆ ಹಾಕ್ತೀಯಲ್ಲ, ಆ ಲೆಕ್ಕ ನಮಗೆ ಹಾಕಕ್ಕೆ ಬರಲ್ವಾ?"

"ಅದು ಗುಂಪಿಗೆ ಹಾಕೋ ಲೆಕ್ಕ ಅಮ್ಮ. ಒಬ್ಬರಿಗೆ ಹಾಕೋದಲ್ಲ."

"ನಾವೂ ಎರಡು ಗುಂಪೇ ಅಲ್ವೇನೇ? ಇಲ್ಲಿಂದ ಹೋದೋರು ಯಾರು, ಅಲ್ಲಿಂದ ಬಂದೋರು ಯಾರು, ನಾನೇ ಹೇಳ್ತೀನಿ. ಇಷ್ಟು ವರ್ಷ ಓದಿ ಹೊಳೆ ನೋಡ್ಕೊಂಡು ಕೂತಿದ್ದೀಯ. ಅಕ್ಕನಿಗೆ ಒಂದು ದಾರಿ ನೋಡು."

ನೋಡಿದೆ. ಎರಡು ಮನೆಗಳನ್ನು ಎರಡು ಗುಂಪು ಎಂದು ಇಟ್ಟುಕೊಂಡೆ. ಮದುವೆಯಾಗಿ ಹೋದ ಹೆಣ್ಣುಗಳನ್ನು ವಲಸೆ ಹೋದವರು ಎಂದು ಇಟ್ಟುಕೊಂಡೆ. ಬಾವ ನಮಗೆ ಬರೀ ಅತ್ತೆಯ ಮಗನಲ್ಲ, ಮಾವನ ಮಗನೂ ಹೌದು. ಸಂಬಂಧ ಎರಡು ಕಡೆಯಿಂದ. ಅದರ ಮೇಲೆ ಹಿರಿಯರ ಸಂಬಂಧ ಬೇರೆ. ಬಾವನ ಗುರುತುಗಳು ಅಕ್ಕನದಕ್ಕೆ ಕೂಡುವ ಸಾಧ್ಯತೆ ಒಡಹುಟ್ಟಿದವರಷ್ಟು ಇರಲಿಲ್ಲ, ಆದರೆ ಉಳಿದ ಎಲ್ಲರಿಗಿಂತ ಹೆಚ್ಚಿತ್ತು. ಅಮ್ಮನಿಗೆ ಅಷ್ಟನ್ನೇ ಹೇಳಿದೆ, ಒಂದು ಮಾತೂ ಹೆಚ್ಚಿಗೆ ಸೇರಿಸದೆ. ಅಮ್ಮ ಅದನ್ನು ಎರಡೂ ಮನೆಗೆ ಫೋನ್ ಮಾಡಿ ಹೇಳುವಷ್ಟರಲ್ಲಿ ಅದು ಬೇರೆಯೇ ಆಗಿತ್ತು. ಗಂಡನೇ ಹೆಂಡತಿಯನ್ನು ಉಳಿಸುತ್ತಾನಂತೆ, ಕಂಪ್ಯೂಟರಿನಲ್ಲಿ ಬಂದಿದೆಯಂತೆ.

ಬಾವ ನ್ಯೂ ಟೌನಿನ ಹತ್ತಿರ ಒಂದು ಲೇತ್ ಮೆಷಿನ್ ಇಟ್ಟುಕೊಂಡಿದ್ದಾರೆ. ಆ ವಾರ ನಾನು ಅವರ ಮನೆಗೆ ಹೋದಾಗ ಅವರ ಮುಖ ನೋಡಿ ನನಗೆ ಭಯವಾಯಿತು. ಅಷ್ಟು ಖುಷಿಯಾಗಿದ್ದರು.

"ಇಷ್ಟು ದಿನ ಒಂದು ಬಾಟ್ಲು ರಕ್ತ ಕೊಡಕ್ಕೂ ಬಿಡಲಿಲ್ಲ ನನ್ನ" ಎಂದರು. ಅದು ನಿಜ. ಮಜ್ಜೆ ಕೊಡಬಹುದಾದ ಹತ್ತಿರದ ಸಂಬಂಧಿಕರ ರಕ್ತ ಈಗಲೇ ಹಾಕಿದರೆ ಮುಂದೆ ಅವಳ ಮೈ ಆ ಮಜ್ಜೆಯನ್ನು ತಳ್ಳಿಬಿಡಬಹುದು ಎಂದು ಡಾಕ್ಟರು ತಡೆದಿದ್ದರು. ಲೇತ್ ಅಂಗಡಿಯ ಸುತ್ತಮುತ್ತಲಿನ ಮೆಕ್ಯಾನಿಕ್‌ಗಳು, ಲಾರಿ ಡ್ರೈವರ್‌ಗಳು ಬಂದು ಕೊಟ್ಟು ಹೋಗುತ್ತಿದ್ದರು. ಬಾವ ಅವರಿಗೆಲ್ಲ ಎಳನೀರು ತಂದುಕೊಡುತ್ತಾ ನಿಂತಿರುತ್ತಿದ್ದರು.

ಮಂಚದ ಮೇಲಿದ್ದ ಅಕ್ಕ ನಕ್ಕಳು. "ಇವರ ಮಜ್ಜೆ ನನಗೆ ಹಾಕಿದ್ರೆ ಬೆಳಿಗ್ಗೆ ಎದ್ದ ತಕ್ಷಣ ಬೀಡಿ ಕೇಳ್ತೀನೋ ಏನೋ."

"ಬೀಡಿ ಬಿಟ್ಟು ಎಷ್ಟು ವರ್ಷ ಆಯ್ತು ಮಾರಾಯ್ತಿ! ಇದೊಂದು ಹೇಳ್ತಾನೇ ಇರ್ತಾಳೆ."

ಪರೀಕ್ಷೆಗೆ ರಕ್ತ ಕೊಡಲು ಅಮ್ಮ, ಅತ್ತೆ, ಬಾವ ಮೂವರೂ ಹೊರಟರು. ಅತ್ತೆ ಸೀರೆ ಉಟ್ಟು ಬಂದವರು ಬಾಗಿಲಲ್ಲಿ ನಿಂತರು.

"ನಂದು ಎಷ್ಟು ಬೇಕಾದ್ರೂ ತಗೊಳ್ಳಿ. ಅವನದು ಯಾಕೆ? ಅವನದು ಕೂಡಲ್ಲ."

"ಯಾಕತ್ತೆ ಕೂಡಲ್ಲ?"

"ಅವನು ತೌಡು ಕೊಟ್ಟು ತಂದ ಕೂಸಲ್ವೇನೇ."

ನಾವೆಲ್ಲರೂ ನಕ್ಕೆವು. ಅಕ್ಕ ಒಸಡಿನಲ್ಲಿ ರಕ್ತ ಜಿನುಗೀತು ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಒಂದು ಶಾಸ್ತ್ರವಿದೆ. ಮುಂದಿನ ಮಗುವನ್ನು ಮೊರದಲ್ಲಿಟ್ಟು ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ಒಂದು ಹಿಡಿ ತೌಡು ಕೊಟ್ಟು ಅವರಿಂದ ಕೊಂಡು ತರುತ್ತಾರೆ. ಇದು ನಮ್ಮ ಮಗುವಲ್ಲ, ಯಾರದೋ ಮಗು ಎಂದಾಗಿಬಿಟ್ಟರೆ ಸಾವು ಅದನ್ನು ಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ಅತ್ತೆಗೆ ಬಾವನಿಗಿಂತ ಮುಂಚೆ ಹುಟ್ಟಿದವು ಉಳಿದಿರಲಿಲ್ಲ. ಬಾವ ಚಿಕ್ಕವರಿದ್ದಾಗ ಹಟ ಮಾಡಿದರೆ, ಅಕ್ಕನ ಮದುವೆಯಲ್ಲಿ, ಕೊನೆಗೆ ಹಬ್ಬದ ಊಟದ ಎಲೆಯ ಮುಂದೆ ಕೂಡ ಅತ್ತೆ ಈ ಮಾತು ಹೇಳುತ್ತಿದ್ದರು: ಪಕ್ಕದ ಕ್ವಾರ್ಟರ್ಸ್‌ನವರ ಹತ್ತಿರ ತೌಡು ಕೊಟ್ಟು ತಂದಿದ್ದು. ನಾವು ಪ್ರತಿ ಸಲವೂ ನಗುತ್ತಿದ್ದೆವು.

ಮೂವರ ರಕ್ತವೂ ಹೋಯಿತು. ಕಾಯುವ ದಿನಗಳಲ್ಲಿ ಅಕ್ಕನಿಗೆ ಜ್ವರ ಬಂತು, ಇಳಿಯಿತು, ಮತ್ತೆ ಬಂತು. ಬಿಳಿ ಕಣಗಳಿಲ್ಲದ ಮೈಯಲ್ಲಿ ಜ್ವರ ಬಂದರೆ ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ಹೊರಗಿನಿಂದ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ. ಅವಳ ಮಂಚದ ಸುತ್ತ ನಾವು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದೆವು.

ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಭದ್ರಾವತಿಗೆ ಹೋಗುವ ಬಸ್ಸಿನಲ್ಲಿದ್ದೆ. ದಾನಿಗಳ ವಿಷಯ ನೋಡಿಕೊಳ್ಳುವ ಹುಡುಗಿ ಮಾತಾಡಿದಳು. ಅಮ್ಮನದು ಅರ್ಧ ಕೂಡಿದೆ, ಅತ್ತೆಯದು ಕೂಡಿಲ್ಲ.

"ನಿಮ್ ಬಾವನದು ಏನೋ ಹೆಚ್ಚು ಕಮ್ಮಿ ಆಗಿದೆ ಮೇಡಂ. ತಾಯಿ ಮಗ ಅಂದ್ಮೇಲೆ ಅರ್ಧ ಕೂಡಲೇಬೇಕು. ಅವರಿಬ್ಬರದೂ ಒಂಚೂರೂ ಕೂಡ್ತಿಲ್ಲ. ಸ್ಯಾಂಪಲ್ ಅದಲು ಬದಲು ಆಗಿರ್ಬೇಕು. ಇಬ್ಬರದೂ ಇನ್ನೊಂದ್ಸಲ ಕಳಿಸಿಬಿಡಿ."

ನನಗೂ ಹಾಗೇ ಅನಿಸಿತು. ಮನೆಗೆ ಹೋಗಿ ಅಡಿಗೆಮನೆಯಲ್ಲಿದ್ದ ಅತ್ತೆಗೆ, ಆಸ್ಪತ್ರೆಯವರು ಸ್ಯಾಂಪಲ್ ಬದಲಾಯಿಸಿಬಿಟ್ಟಿದ್ದಾರೆ, ನಾಳೆ ಮತ್ತೆ ಕೊಡಬೇಕು ಎಂದೆ. ಅತ್ತೆ ಒಲೆ ಆರಿಸಿದರು.

"ಬದಲಾಗಿಲ್ಲ."

"ಏನು ಬದಲಾಗಿಲ್ಲ?"

"ಅವರು ಸರಿಯಾಗೇ ನೋಡಿದಾರೆ. ನಾನು ಹೇಳ್ಲಿಲ್ವಾ ಕೂಡಲ್ಲ ಅಂತ?"

ಅವರು ನೆಲದ ಮೇಲೆ ಕೂತರು. ನಾನೂ ಕೂತೆ. ಅವರು ಹೇಳಿದ್ದು ಇಷ್ಟು. ಆಗ ಇದ್ದದ್ದು ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಪಕ್ಕದ ಮನೆಯಲ್ಲಿ ಸೇಲಂ ಕಡೆಯ ಒಂದು ತಮಿಳು ಸಂಸಾರ. ಇಬ್ಬರೂ ಹೆಂಗಸರು ಒಟ್ಟಿಗೆ ಬಸುರಿ. ಅತ್ತೆಗೆ ಹುಟ್ಟಿದ ಮಗು ಅಳಲೇ ಇಲ್ಲ. ಅದೇ ವಾರ ಆಕೆಗೂ ಹೆರಿಗೆಯಾಯಿತು. ಆಕೆಗೆ ಆಗಲೇ ಮನೆ ತುಂಬ ಮಕ್ಕಳು, ಗಂಡನ ಕೆಲಸ ಹೋಗಿ ಊರಿಗೆ ಹೊರಟಿದ್ದರು. ಅತ್ತೆಗೆ ಎದೆಯಲ್ಲಿ ಹಾಲಿತ್ತು.

"ಅವಳೇ ಮೊರದಲ್ಲಿಟ್ಟು ತಂದ್ಳು. ನಾನು ತೌಡು ಕೊಟ್ಟೆ. ಶಾಸ್ತ್ರದಲ್ಲಿ ಮೊದಲು ನಮ್ಮ ಕೂಸನ್ನ ಅವರಿಗೆ ಕೊಡಬೇಕಲ್ಲ, ಆ ಅರ್ಧ ಇರಲಿಲ್ಲ ಅಷ್ಟೇ. ತಂದಿದ್ದೊಂದೇ ಇತ್ತು. ನಿಮ್ಮ ಮಾವನಿಗೆ ಗೊತ್ತಿತ್ತು. ನಾನು ಯಾರಿಗೂ ಮುಚ್ಚಿಟ್ಟಿಲ್ಲ ಕಣೇ. ಬಂದೋರಿಗೆಲ್ಲ ಹೇಳ್ದೆ. ನಿಮ್ಮಪ್ಪನಿಗೆ ಹೇಳ್ದೆ, ನಿಮ್ಮಮ್ಮನಿಗೆ ಹೇಳ್ದೆ. ಎಲ್ಲರೂ ನಕ್ರು. ಆಮೇಲಾಮೇಲೆ ನಾನೂ ನಗ್ತಾ ಹೇಳೋದು ಕಲ್ತೆ."

ಅತ್ತೆ ಸುಳ್ಳು ಹೇಳುವವರಲ್ಲ. ನಿಜವನ್ನು ಎಲ್ಲರ ಮುಂದೆ ಇಟ್ಟಿದ್ದರು. ನಾವು ಅದನ್ನು ಶಾಸ್ತ್ರದ ಮಾತು ಎಂದುಕೊಂಡೆವು.

ನನ್ನ ಕೆಲಸದಲ್ಲಿ ಇದನ್ನು ಕಲಿಸುತ್ತಾರೆ. ಎರಡು ಗುಂಪುಗಳ ನಡುವಿನ ಓಡಾಟವನ್ನು ಅಳೆಯುವಾಗ, ನಾವು ಎಣಿಸದ ಮೂರನೆಯ ಗುಂಪಿನಿಂದ ಯಾರಾದರೂ ಬಂದು ಸೇರಿದ್ದರೆ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ. ಮಾದರಿಗೆ ಅದು ಗೊತ್ತಾಗುವುದಿಲ್ಲ. ಇರುವ ಎರಡೇ ಗುಂಪುಗಳಲ್ಲಿ ಎಲ್ಲವನ್ನೂ ಹೊಂದಿಸಿ ಒಂದು ಉತ್ತರ ಕೊಡುತ್ತದೆ. ನ್ಯೂ ಟೌನಿನಲ್ಲಿ ಒಂದೊಂದು ಸಾಲಿನಲ್ಲೂ ತಮಿಳಿನವರು, ತೆಲುಗಿನವರು, ಎಲ್ಲೆಲ್ಲಿಂದಲೋ ಬಂದವರು ಗೋಡೆಗೆ ಗೋಡೆ ಕೂಡಿಸಿಕೊಂಡು ಬದುಕಿದ್ದರು. ನಾನು ಅಲ್ಲಿ ಬೇಸಿಗೆ ರಜೆಗಳನ್ನೆಲ್ಲ ಕಳೆದಿದ್ದೇನೆ. ಆದರೂ ಎರಡೇ ಮನೆ ಎಂದು ಇಟ್ಟುಕೊಂಡೆ.

ಅಡಿಗೆಮನೆಯ ಬಾಗಿಲಲ್ಲಿ ಬಾವ ಫ್ಲಾಸ್ಕ್ ಹಿಡಿದು ನಿಂತಿದ್ದರು. ಅಕ್ಕನಿಗೆ ಬಿಸಿನೀರಿಗಾಗಿ ಬಂದವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ನಮಗೆ ತಿಳಿಯಲಿಲ್ಲ. ಅತ್ತೆ ತಲೆಯೆತ್ತಿ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಬಾವ ತಾಯಿಯನ್ನು ಏನೂ ಕೇಳಲಿಲ್ಲ. ನನ್ನನ್ನು ಕೇಳಿದರು.

"ಹಂಗಾದ್ರೆ ನಾನು ಅವಳಿಗೆ ರಕ್ತ ಸಂಬಂಧ ಅಲ್ಲ."

"ಅಲ್ಲ ಬಾವ."

"ಹಂಗಾದ್ರೆ ಈಗ ರಕ್ತ ಕೊಡಬೋದಲ್ವಾ? ಸಂಬಂಧಿಕರದು ಬೇಡ ಅಂದಿದ್ರು. ನಂದೂ ಅವಳದೂ ಒಂದೇ ಗ್ರೂಪು. ಈಗಲೇ ಫೋನ್ ಮಾಡಿ ಕೇಳು."

ಮಾಡಿದೆ. ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಅಕ್ಕ ಯಾವತ್ತಾದರೂ ಗರ್ಭಿಣಿಯಾಗಿದ್ದರಾ?

ಆಗಿದ್ದಳು. ಮದುವೆಯಾದ ಹೊಸದರಲ್ಲಿ ಒಂದು ಸಲ ಗರ್ಭ ನಿಂತು, ಇಳಿದುಹೋಗಿತ್ತು. ಹಾಗಿದ್ದರೆ ಗಂಡನ ರಕ್ತ ಬೇಡ, ಎಂದರು ಡಾಕ್ಟರು. ಮಗುವಿನ ಮೂಲಕ ಗಂಡನ ಗುರುತುಗಳನ್ನು ಅವಳ ಮೈ ಆಗಲೇ ಕಂಡಿರುತ್ತದೆ, ಅವುಗಳ ವಿರುದ್ಧ ಕಾವಲು ಇಟ್ಟುಕೊಂಡಿರಬಹುದು, ಈ ಸ್ಥಿತಿಯಲ್ಲಿ ಅಪಾಯ ಬೇಡ. ಸ್ಪೀಕರಿನಲ್ಲಿ ಬಂದ ಆ ಮಾತನ್ನು ಬಾವ ಪೂರ್ತಿ ಕೇಳಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದರು. ನೀರು ತುಂಬಿಸಿರಲಿಲ್ಲ.

ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ನಾವು ಯೋಚಿಸುವ ಮೊದಲೇ ಒಳಗಿನಿಂದ ಅವಳ ಧ್ವನಿ ಬಂತು. ಆ ಮನೆಯಲ್ಲಿ ಅಡಿಗೆಮನೆಗೂ ಅವಳ ಮಂಚಕ್ಕೂ ನಡುವೆ ಇರುವುದು ಒಂದು ಪರದೆ ಅಷ್ಟೆ.

"ಎಲ್ಲ ಕೇಳಿಸ್ತು. ಬನ್ನಿ ಇಲ್ಲಿ."

ನಾವು ಹೋಗಿ ಮಂಚದಿಂದ ದೂರ ನಿಂತೆವು. ಅವಳು ಗಂಡನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಆವತ್ತು ಮಗು ಹೋದಾಗ ಡಾಕ್ಟರು ಏನಂದ್ರು? ಸಂಬಂಧದಲ್ಲಿ ಮದುವೆಯಾದ್ರೆ ಹಿಂಗೇ ಆಗೋದು, ಮುಂದೆ ಹುಟ್ಟಿದ್ರೂ ಕಷ್ಟ ಅಂದ್ರು."

ಬಾವ ಖಾಲಿ ಫ್ಲಾಸ್ಕನ್ನು ನೆಲದ ಮೇಲಿಟ್ಟರು.

"ನಾವು ಬೇಡ ಅಂತ ಸುಮ್ನಾದ್ವಿ. ಮಕ್ಕಳಿರೋ ಮನೆಗೆ ಹೋಗೋದನ್ನೂ ಬಿಟ್ವಿ. ಯಾಕೆ ಸುಮ್ನಾದ್ವಿ ಹಂಗಾದ್ರೆ?"

ಆ ಮಗು ಯಾಕೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಸಂಬಂಧವೇ ಇಲ್ಲದ ಗಂಡ ಹೆಂಡಿರಿಗೂ ಹಾಗಾಗುತ್ತದೆ. ಅದನ್ನು ನಾನು ಹೇಳಬಹುದಿತ್ತು. ಹೇಳಿದರೆ ಅವಳು ಕಳೆದುಕೊಂಡದ್ದು ಇನ್ನೂ ದೊಡ್ಡದಾಗುತ್ತಿತ್ತು. ಅತ್ತೆ ಪರದೆಯ ಆಚೆಯೇ ಉಳಿದರು. ಸ್ವಲ್ಪ ಹೊತ್ತಾದ ಮೇಲೆ ಅಕ್ಕನೇ ಕೂಗಿದಳು, "ಅತ್ತೇ, ಗಂಜಿ ಆಯ್ತಾ? ಹೊಟ್ಟೆ ಹಸೀತಿದೆ." ಹಸಿವು ಅವಳಿಗೆ ಇರಲಿಲ್ಲ. ಎರಡು ಚಮಚ ಕುಡಿದು ಬಿಟ್ಟಳು. ಆದರೆ ಕೂಗಿದಳು.

ಇದನ್ನು ಬರೆಯುವ ಮುಂಚೆ ಮೂವರನ್ನೂ ಕೇಳಿದೆ. ಅತ್ತೆ, "ನಾನು ಹೇಳಿದ್ದೇ ತಾನೇ, ಬರಿ" ಎಂದರು. ಬಾವ ತಲೆಯಾಡಿಸಿದರು. ಅಕ್ಕ, ಹೆಸರು ಹಾಕಬೇಡ ಎಂದಳು.

ಎರಡು ಮನೆಗಳ ಉಳಿದ ನೆಂಟರೆಲ್ಲ ಬಂದು ಪರೀಕ್ಷೆಗೆ ಕೊಟ್ಟರು. ಯಾರದೂ ಪೂರ್ತಿ ಕೂಡಲಿಲ್ಲ. ಕಾಯಲು ಸಮಯ ಉಳಿದಿರಲಿಲ್ಲ. ಅರ್ಧ ಕೂಡಿದವರ ಮಜ್ಜೆಯನ್ನೂ ಹಾಕುತ್ತಾರೆ, ಅಪಾಯ ಹೆಚ್ಚು ಎಂದರು. ಅಮ್ಮನಿಗೆ ವಯಸ್ಸಾಗಿದೆ, ಹೃದಯದ ಔಷಧಿ ನಡೆಯುತ್ತಿದೆ. ಹಾಗಾಗಿ ನನ್ನದು.

ನಾನು ಮಾಡಿದ್ದು ಮಲಗಿದ್ದೇ ಹೊರತು ಬೇರೇನಿಲ್ಲ. ಅಕ್ಕನಿಗೆ ಮೊದಲು ಅವಳ ಹಳೆಯ ಮಜ್ಜೆಯನ್ನು ಅಳಿಸುವ ಔಷಧಿ ಹಾಕಿದರು. ಕೂದಲು ಹೋಯಿತು. ಬಾಯಿ ಪೂರ್ತಿ ಹುಣ್ಣಾಯಿತು. ಆಮೇಲೆ ಒಂದು ಚೀಲದಲ್ಲಿ ನನ್ನದು ಅವಳೊಳಗೆ ಇಳಿಯಿತು. ಗಾಜಿನ ಆಚೆ ಬಾವ ನಿಂತಿದ್ದರು. ಅವರಿಗೆ ಕೊಡಲು ಏನೂ ಇರಲಿಲ್ಲ. ಬೆಳಿಗ್ಗೆ ಬಂದು ನಿಲ್ಲುತ್ತಿದ್ದರು, ಕತ್ತಲಾಗುವ ಮುಂಚೆ ಆಸ್ಪತ್ರೆಯವರು ಕಳಿಸಿದಾಗ ಹೋಗುತ್ತಿದ್ದರು.

ಕೆಲವು ವಾರಗಳಾದ ಮೇಲೆ ಕಣಗಳು ಏರಿದವು. ಅಮ್ಮ ಫೋನಿನಲ್ಲೇ ದೇವರಿಗೆ ಹರಕೆ ಹೇಳಿಕೊಂಡಳು. ಆಗ ಇನ್ನೊಂದು ಪರೀಕ್ಷೆ ಮಾಡಿದರು. ಅಕ್ಕನ ರಕ್ತದಲ್ಲಿ ನನ್ನದು ಎಷ್ಟು, ಅವಳದೇ ಹಳೆಯದು ಎಷ್ಟು ಎಂದು ನೋಡುವ ಪರೀಕ್ಷೆ. ಮೊದಲ ಸಲ ಹೆಚ್ಚು ಕಡಿಮೆ ಎಲ್ಲವೂ ನನ್ನದೇ ಇತ್ತು. ಎರಡನೆಯ ಸಲ ಅವಳ ಹಳೆಯದು ಕಾಣಿಸಿಕೊಂಡಿತ್ತು. ಮೂರನೆಯ ಸಲ ಇನ್ನೂ ಹೆಚ್ಚಾಗಿತ್ತು.

"ಈಗ ಎರಡೂ ಇದೆ" ಎಂದರು ಡಾಕ್ಟರು. "ಕೆಲವರಲ್ಲಿ ಹೀಗೇ ನಿಂತುಬಿಡುತ್ತೆ, ಆರಾಮಾಗಿ ಇರ್ತಾರೆ. ಕೆಲವರಲ್ಲಿ ಹಾಕಿದ್ದು ಪೂರ್ತಿ ಹೋಗಿಬಿಡುತ್ತೆ. ಕಾದು ನೋಡ್ಬೇಕು."

ಹೊರಗೆ ಬೆಂಚಿನ ಮೇಲೆ ಬಾವ ನನ್ನ ಪಕ್ಕ ಕೂತರು.

"ಇದು ನಿನ್ನ ಲೆಕ್ಕಾನೇ ಅಲ್ವೇನಮ್ಮ? ಒಂದು ಕಡೆಯಿಂದ ಬಂದೋರು, ಮೊದಲಿಂದ ಇದ್ದೋರು. ಯಾವುದು ಉಳಿಯುತ್ತೆ ಹೇಳು."

ನನ್ನ ಲೆಕ್ಕವೇ. ಒಂದು ಗುಂಪಿಗೆ ಒಂದೇ ಸಲ ವಲಸೆ ಬಂದು, ಆಮೇಲೆ ಯಾರೂ ಬರದೇ ಹೋದರೆ, ಮಾದರಿ ಹೇಳುವುದು ಸ್ಪಷ್ಟವಾಗಿದೆ: ಬಹಳ ಕಾಲದ ನಂತರ ಎರಡರಲ್ಲಿ ಒಂದೇ ಉಳಿಯುತ್ತದೆ. ಯಾವುದು ಎನ್ನುವುದು ಬರೀ ಅದೃಷ್ಟದ ಮಾತು. ಬಹಳ ಕಾಲ ಎಂದರೆ ಎಷ್ಟು, ಅಷ್ಟರೊಳಗೆ ಒಂದು ಮನುಷ್ಯ ಜೀವ ನೆಮ್ಮದಿಯಾಗಿ ಬದುಕಿ ಮುಗಿಸಬಹುದೇ ಎಂಬುದನ್ನು ಅದು ಹೇಳುವುದಿಲ್ಲ. ಕಣಗಳು ಮೀನುಗಳಲ್ಲ ಎಂಬುದೂ ನನಗೆ ಗೊತ್ತಿತ್ತು.

"ಗೊತ್ತಿಲ್ಲ ಬಾವ."

"ಅಂದಾಜು?"

"ಅಂದಾಜೂ ಬೇಡ."

ಅವರು ಒತ್ತಾಯ ಮಾಡಲಿಲ್ಲ. ಎದ್ದು ಗಾಜಿನ ಹತ್ತಿರ ಹೋದರು. ಒಳಗೆ ನರ್ಸು ಅಕ್ಕನ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಳು, ನಾಲ್ಕನೆಯ ಪರೀಕ್ಷೆಗೆ ರಕ್ತ ತೆಗೆಯಲು. ನರ ಸಿಗದೆ ಎರಡು ಕಡೆ ಚುಚ್ಚಿದಳು. ಅಕ್ಕ ಮುಖ ಈ ಕಡೆ ತಿರುಗಿಸಿ, ಬಾವ ನಿಂತಿರುವುದನ್ನು ಕಂಡು, ಊಟ ಆಯಿತಾ ಎಂದು ಕೈಸನ್ನೆಯಲ್ಲಿ ಕೇಳಿದಳು. ಬಾವ ಆಯಿತು ಎಂದು ತಲೆಯಾಡಿಸಿದರು. ಆಗಿರಲಿಲ್ಲ. ಅಷ್ಟರಲ್ಲಿ ನರ ಸಿಕ್ಕಿತು. ಕೊಳವೆಯಲ್ಲಿ ರಕ್ತ ಏರುವುದನ್ನು ನಾವಿಬ್ಬರೂ ನೋಡುತ್ತಾ ನಿಂತೆವು. ಅದರಲ್ಲಿ ಯಾರದೆಷ್ಟಿದೆ ಎಂದು ನೋಡಿ ಹೇಳಲು ಬರುವುದಿಲ್ಲ. ಎಲ್ಲವೂ ಒಂದೇ ಕೆಂಪು.